ಹಳೇ ಹರಳಿನ ಉಂಗುರ ತಗೋಬೇಕಾ? ಮೊದಲು ಅದರ ಬೆನ್ನು ನೋಡಿ

ಮದುವೆ ದಿನ ಗೊತ್ತಾದ ಮನೆಗಳಿಂದ ಈಚೆಗೆ ಒಂದೇ ತರಹದ ಪ್ರಶ್ನೆ ಬರುತ್ತಿದೆ. ಅಜ್ಜಿಯ ಕೆಂಪು ಹರಳಿನ ಉಂಗುರ ಮನೆಯಲ್ಲೇ ಇದೆ, ಅದನ್ನೇ ಸರಿ ಮಾಡಿಸೋಣವಾ? ದಾವಣಗೆರೆ ಮಂಡಿಪೇಟೆಯ ಅಂಗಡಿಯಲ್ಲಿ ಯಾರೋ ಬದಲಿಗೆ ಕೊಟ್ಟು ಹೋದ ಪಚ್ಚೆ ಉಂಗುರ ತೋರಿಸಿದರು, ಅದನ್ನು ತಗೊಳ್ಳೋಣವಾ? ಇಲ್ಲಾ ಹಳೇ ಮಾದರಿ ತೋರಿಸಿ ಹೊಸದನ್ನೇ ಮಾಡಿಸೋದು ವಾಸಿನಾ?

ಮೂರಕ್ಕೂ ಸೇರಿಸಿ ಒಂದೇ ಉತ್ತರ ಕೊಡೋಕಾಗಲ್ಲ. ಆದರೆ ಕೇಳುವವರೆಲ್ಲ ಒಂದೇ ಕೆಲಸ ಮಾಡುತ್ತಾರೆ. ಉಂಗುರ ಕೈಗೆ ಬಂದ ಕೂಡಲೇ ಹರಳನ್ನು ಬೆಳಕಿಗೆ ಹಿಡಿಯುತ್ತಾರೆ. ಬಣ್ಣ ನೋಡುತ್ತಾರೆ, ಅಲ್ಲಿಗೆ ಮನಸ್ಸು ಸೋತಿರುತ್ತದೆ. ನಾನು ಹೇಳೋದು ಇಷ್ಟೇ: ಮೊದಲು ಉಂಗುರ ತಿರುಗಿಸಿ ಬೆನ್ನು ನೋಡಿ. ಅದು ಇನ್ನೆಷ್ಟು ವರ್ಷ ಬಾಳುತ್ತದೆ, ಅದರಲ್ಲಿ ಬಂಗಾರ ಎಷ್ಟಿದೆ, ಯಾರಾದರೂ ಕೈ ಆಡಿಸಿದ್ದಾರಾ ಅನ್ನೋದೆಲ್ಲ ಜಾಸ್ತಿ ತಿಳಿಯೋದು ಹಿಂದಿನಿಂದಲೇ.

ಯಾವುದನ್ನು ನೋಡಿ ಅಳೆಯಬೇಕು

ಮೊದಲ ಪ್ರಶ್ನೆ ಹರಳಿನದಲ್ಲ, ನಿಮ್ಮ ಕೈಯದು. ದಿನಾ ಹಾಕುತ್ತೀರಾ, ಹಬ್ಬ-ಮದುವೆಗೆ ಮಾತ್ರವಾ? ರೊಟ್ಟಿ ಬಡಿಯುವ ಕೈಗೂ ಬ್ಯಾಂಕಿನಲ್ಲಿ ನೋಟು ಎಣಿಸುವ ಕೈಗೂ ಒಂದೇ ಉಂಗುರ ಆಗಿಬರಲ್ಲ. ಅಂಗಡಿಯವರು ಇದನ್ನು ಕೇಳೋದು ಕಮ್ಮಿ. ನೀವೇ ಕೇಳಿಕೊಳ್ಳಬೇಕು.

ಎರಡನೆಯದು ಹರಳಿನ ಗಟ್ಟಿತನ. ಇದನ್ನು ಮೋಹ್ಸ್ ಅಂಕಿಯಲ್ಲಿ ಹೇಳುತ್ತಾರೆ. ವಜ್ರ 10. ಮಾಣಿಕ್ಯ, ನೀಲ, ಕನಕ ಪುಷ್ಯರಾಗ ಮೂರೂ 9. ವೈಡೂರ್ಯ 8.5. ಪಚ್ಚೆ 7.5ರಿಂದ 8. ಗೋಮೇಧಿಕ 7ರ ಆಸುಪಾಸು. ಹವಳ 3ರಿಂದ 4, ಮುತ್ತೂ ಹೆಚ್ಚುಕಮ್ಮಿ ಅಷ್ಟೇ. ಇದರಲ್ಲಿ ನೆನಪಿಡಬೇಕಾದ ಅಂಕಿ 7. ಯಾಕಂದರೆ ರಸ್ತೆಯ ಧೂಳಿನಲ್ಲಿ ಇರುವ ಬೆಣಚುಕಲ್ಲಿನ ಪುಡಿಯ ಗಟ್ಟಿತನ ಅಷ್ಟು. ಪಿ.ಬಿ. ರಸ್ತೆಯಲ್ಲಿ ದಿನಾ ಗಾಡಿ ಓಡಿಸುವವರ ಕೈಮೇಲೆ ಕೂರೋದು ಅದೇ ಧೂಳು. 7ಕ್ಕಿಂತ ಮೆದುವಾದ ಹರಳನ್ನು ಕರ್ಚೀಫಿನಲ್ಲಿ ಒರೆಸಿದರೂ ಸಣ್ಣ ಗೀರು ಬೀಳುತ್ತಾ ಹೋಗುತ್ತದೆ, ಕೆಲವೇ ವರ್ಷದಲ್ಲಿ ಹೊಳಪು ಸಾಯುತ್ತದೆ.

ಮೂರನೆಯದು ಹರಳು ಕೂರಿಸಿರುವ ರೀತಿ. ಹಳೇ ಉಂಗುರಗಳಲ್ಲಿ ಎರಡು ಬಗೆ ಕಾಣುತ್ತವೆ. ಒಂದು, ಹಿಂಭಾಗ ಪೂರ್ತಿ ಮುಚ್ಚಿದ್ದು. ಒಳಗೆ ಅರಗು ತುಂಬಿ, ಹರಳಿನ ಅಡಿಗೆ ಹೊಳೆಯುವ ತೆಳು ತಗಡು ಇಟ್ಟು, ಸುತ್ತ ಬಂಗಾರದ ಅಂಚು ಒತ್ತಿರುತ್ತಾರೆ. ಹರಳು ಸಾಧಾರಣದ್ದಾದರೂ ಆ ತಗಡಿನಿಂದ ಕೆಂಡದಂತೆ ಕಾಣುತ್ತದೆ. ಇನ್ನೊಂದು, ಹಿಂಭಾಗ ತೆರೆದಿದ್ದು. ಹರಳನ್ನು ಸುತ್ತಲಿಂದ ಹಲ್ಲುಗಳು ಕಚ್ಚಿಕೊಂಡಿರುತ್ತವೆ. ಬೆಳಕು ಆಚೆಯಿಂದ ಈಚೆ ಬರುತ್ತದೆ, ಅಂದಮೇಲೆ ಕಣ್ಣಿಗೆ ಕಾಣುವ ಬಣ್ಣ ಹರಳಿನದೇ. ಮುಚ್ಚಿದ ಉಂಗುರ ನೋಡೋಕೆ ಚೆಂದ, ಆದರೆ ನೀರಿಗೆ ಆಗದು. ಒಂದೆರಡು ಸಲ ಪಾತ್ರೆ ತೊಳೆಯುವಾಗ ಸೋಪಿನ ನೀರು ಒಳಗೆ ಇಳಿಯಿತೋ, ತಗಡು ಕಪ್ಪಾಗಿ ಹರಳು ಮಂಕಾಗುತ್ತದೆ. ದಿನಾ ಹಾಕುವವರು ಇಂಥದ್ದನ್ನು ಬಿಡೋದೇ ಸರಿ.

ನಾಲ್ಕನೆಯದು ಬಂಗಾರದ ನಿಜವಾದ ತೂಕ ಮತ್ತು ಟಚ್, ಅಂದರೆ ನೂರು ಪಾಲಿನಲ್ಲಿ ಅಪ್ಪಟ ಬಂಗಾರ ಎಷ್ಟು ಪಾಲು ಅನ್ನೋದು. ಐದನೆಯದು ಅಳತೆ. ಇವೆರಡರ ಬಗ್ಗೆ ಮುಂದೆ ಹೇಳುತ್ತೇನೆ.

ಅಂಗಡಿಯಲ್ಲಿ ನಿಂತು ಎರಡೇ ನಿಮಿಷದಲ್ಲಿ ಮಾಡಬಹುದಾದ ಕೆಲಸ ಇದು. ಉಂಗುರವನ್ನು ಕಿವಿ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಟಿಕ್ ಟಿಕ್ ಅಂದರೆ ಹರಳು ಸಡಿಲ. ಸೀರೆ ಸೆರಗಿನ ಮೇಲೆ ಒಮ್ಮೆ ಎಳೆಯಿರಿ. ನೂಲು ಸಿಕ್ಕಿಕೊಂಡರೆ ಒಂದು ಹಲ್ಲು ಎದ್ದಿದೆ. ಆಮೇಲೆ ಅಂಗೈ ಕಡೆಗೆ ಬರುವ ಪಟ್ಟಿಯ ತಳ ನೋಡಿ. ಹಳೇ ಉಂಗುರ ಸವೆಯೋದು ಅಲ್ಲೇ. ಆ ಪಟ್ಟಿ 1 ಮಿಲಿಮೀಟರ್‌ಗೆ ಇಳಿದಿದ್ದರೆ ಹೊಸ ಪಟ್ಟಿ ಹಾಕಿಸಲೇಬೇಕು, ಆ ಖರ್ಚನ್ನು ಬೆಲೆಗೆ ಸೇರಿಸಿಕೊಳ್ಳಿ. ಕೊನೆಗೆ ಅಂಗಡಿಯವರ ಮಸೂರ ಕೇಳಿ ಒಳಮೈ ನೋಡಿ. 10 ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ ಎಲ್ಲರ ಗಲ್ಲಾ ಪಕ್ಕದಲ್ಲೂ ಇರುತ್ತದೆ. ಪಟ್ಟಿಯ ಒಂದು ಕಡೆ ಬಣ್ಣ ಸ್ವಲ್ಪ ಬೇರೆ ಇದ್ದು ಅಡ್ಡಗೆರೆ ಕಂಡರೆ ಅದು ಬೆಸುಗೆ, ಅಂದರೆ ಹಿಂದೆ ಯಾರೋ ಅಳತೆ ಬದಲಿಸಿದ್ದಾರೆ. ಅದೇನು ದೋಷವಲ್ಲ. ಮೂರ್ನಾಲ್ಕು ಕಡೆ ಬೆಸುಗೆ ಕಂಡರೆ ಮಾತ್ರ ಸುಮ್ನೆ ವಾಪಸ್ ಇಟ್ಟುಬಿಡಿ.

ಬಂಗಾರದ ಲೆಕ್ಕ

ಹಳೇದು ಅಂದರೆ ಅಪ್ಪಟ ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನಿಜ ಸಂಗತಿ ಹಾಗಿಲ್ಲ. ಭಾರತದಲ್ಲಿ ಬಂಗಾರದ ಒಡವೆಗೆ ಹಾಲ್‌ಮಾರ್ಕ್ ಶುರುವಾಗಿದ್ದೇ 2000ದಲ್ಲಿ. ಅದಕ್ಕೂ ಮುಂಚಿನ ಉಂಗುರಕ್ಕೆ ಪತ್ತಾರರ ಮಾತೇ ಗ್ಯಾರಂಟಿ. 1963ರಲ್ಲಂತೂ 14 ಕ್ಯಾರೆಟ್‌ಗಿಂತ ಹೆಚ್ಚಿನ ಶುದ್ಧತೆಯಲ್ಲಿ ಹೊಸ ಒಡವೆ ಮಾಡಬಾರದು ಎಂದು ಸರ್ಕಾರವೇ ನಿಯಮ ತಂದಿತ್ತು. ಆಮೇಲೆ ಅದು ಸಡಿಲವಾಯಿತು. ಹಾಗಾಗಿ ಅರವತ್ತರ ದಶಕದ ಮದುವೆಯ ಉಂಗುರ 14 ಕ್ಯಾರೆಟ್ ಬಂದರೆ ಅಜ್ಜನಿಗೆ ಯಾರೋ ಟೋಪಿ ಹಾಕಿದರು ಅಂದುಕೊಳ್ಳಬೇಡಿ. ಒಳಗೆ ಕೆಡಿಎಂ ಅಂತ ಒತ್ತಿದ್ದರೆ ಅದೂ ಶುದ್ಧತೆಯ ಮುದ್ರೆಯಲ್ಲ. ಕ್ಯಾಡ್ಮಿಯಂ ಬೆರೆಸಿದ ಬೆಸುಗೆ ಬಳಸಿದ್ದಾರೆ ಅಂತ ಅಷ್ಟೇ ಅದರ ಅರ್ಥ. ಆ ಹೊಗೆ ಕೆಲಸಗಾರರ ಆರೋಗ್ಯ ಕೆಡಿಸುತ್ತದೆ ಅಂತ ಅದನ್ನು ಬಿಟ್ಟಿದ್ದಾರೆ.

ಲೆಕ್ಕ ಹೀಗೆ ಮಾಡಿ. ಉಂಗುರದ ಒಟ್ಟು ತೂಕ 6.2 ಗ್ರಾಂ ಅಂದುಕೊಳ್ಳೋಣ. ಹರಳು 5 ಕ್ಯಾರೆಟ್. ಹರಳಿನ ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಐದಕ್ಕೆ 1 ಗ್ರಾಂ. ಉಳಿದದ್ದು 5.2 ಗ್ರಾಂ. ಟಚ್ 84 ಬಂತು ಅಂದರೆ ಅದರಲ್ಲಿ ಅಪ್ಪಟ ಬಂಗಾರ ಸುಮಾರು 4.37 ಗ್ರಾಂ. 22 ಕ್ಯಾರೆಟ್ ಅಂದರೆ 91.6 ಟಚ್. ಆ ಲೆಕ್ಕಕ್ಕೆ ಇದು ಸುಮಾರು 4.77 ಗ್ರಾಂ 22 ಕ್ಯಾರೆಟ್ ಬಂಗಾರಕ್ಕೆ ಸಮ. ಅಂಗಡಿಯವರು 6.2 ಗ್ರಾಂಗೆ 22 ಕ್ಯಾರೆಟ್ ದರ ಹಾಕಿದರೆ ಕಲ್ಲನ್ನೂ ಬಂಗಾರದ ರೇಟಿಗೆ ಕೊಂಡ ಹಾಗೆ. ಮುಚ್ಚಿದ ಉಂಗುರದಲ್ಲಿ ಅರಗಿನ ತೂಕವೂ ಸೇರಿರುತ್ತದೆ, ಅದನ್ನೂ ಕೇಳಿ. ಟಚ್ ನೋಡೋಕೆ ಒರೆಗಲ್ಲು ಒಂದೇ ಸಾಲದು. ಕ್ಯಾರೆಟ್ ಮೀಟರ್ ಇರುವ ಅಂಗಡಿಯಲ್ಲಿ ಅಥವಾ ಹಾಲ್‌ಮಾರ್ಕ್ ಕೇಂದ್ರದಲ್ಲಿ ಹಿಡಿಸಿ. ಉಂಗುರ ಕೆಡಿಸದೆ ಕೆಲವೇ ನಿಮಿಷದಲ್ಲಿ ಅಂಕಿ ಬರುತ್ತದೆ. ಆ ಯಂತ್ರ ಮೇಲ್ಮೈಯನ್ನು ಮಾತ್ರ ಓದುವುದರಿಂದ ಪಟ್ಟಿಯ ಮೇಲೆ, ಒಳಗೆ, ಹರಳಿನ ಪಕ್ಕ ಅಂತ ಎರಡು ಮೂರು ಕಡೆ ಹಿಡಿಯಲು ಹೇಳಿ.

ಈ ಲೆಕ್ಕ ಗೊತ್ತಾದಮೇಲೆ ಇನ್ನೊಂದು ಸತ್ಯವೂ ಗೊತ್ತಾಗುತ್ತದೆ. ನಾಳೆ ನೀವು ಮಾರಲು ಹೋದಾಗ ಹೆಚ್ಚಿನ ಅಂಗಡಿಯವರು ಹರಳಿಗೆ ಬಿಡಿಕಾಸೂ ಕೊಡಲ್ಲ. ಕಿತ್ತು ಪಕ್ಕಕ್ಕಿಟ್ಟು, ತೇಮಾನು ಅಂದರೆ ಸವಕಳಿ ಕಳೆದು, ಬಂಗಾರದ ದುಡ್ಡು ಕೊಡುತ್ತಾರೆ. ಕೊಳ್ಳುವಾಗಲೂ ಅದೇ ತಕ್ಕಡಿ ಹಿಡಿಯೋದು ನಿಮ್ಮ ಹಕ್ಕು ಅಲ್ವಾ?

ಹರಳು ಹರಳಿಗೂ ಬೇರೆ

ಕೆಂಪು ಹರಳಿನಿಂದಲೇ ಶುರು ಮಾಡೋಣ, ಜಾಸ್ತಿ ಜನ ಕೇಳೋದು ಅದನ್ನೇ. ಅಜ್ಜಿ ಕಾಲದ್ದು, ಹಾಗಾಗಿ ಅಸಲಿ ಬರ್ಮಾ ಮಾಣಿಕ್ಯ ಅನ್ನುತ್ತಾರೆ. ಆದರೆ ಫ್ರಾನ್ಸಿನ ಆಗಸ್ಟ್ ವೆರ್ನಾಯ್ ಎಂಬ ರಸಾಯನಶಾಸ್ತ್ರಜ್ಞ ಉರಿಯುವ ಜ್ವಾಲೆಯಲ್ಲಿ ಪುಡಿ ಕರಗಿಸಿ ಮಾಣಿಕ್ಯ ಬೆಳೆಸುವ ದಾರಿಯನ್ನು 1902ರಲ್ಲೇ ಪ್ರಕಟಿಸಿದ್ದ. ಆಮೇಲೆ ಹಾಗೆ ಬೆಳೆಸಿದ ಕೆಂಪು ಕಲ್ಲು ಲೋಕವೆಲ್ಲ ಹರಡಿತು. ಅಂದರೆ ನಿಮ್ಮ ಮುತ್ತಜ್ಜಿಯ ಉಂಗುರದಲ್ಲೂ ಅದೇ ಇರಬಹುದು. ಮಸೂರದಲ್ಲಿ ನೋಡಿದಾಗ ಒಳಗೆ ಬಾಗಿದ ಗೆರೆಗಳು, ಪುಟ್ಟ ಗಾಳಿಗುಳ್ಳೆಗಳು ಕಂಡರೆ ಜ್ವಾಲೆಯಲ್ಲಿ ಬೆಳೆಸಿದ್ದು. ನೆಲದಲ್ಲಿ ಹುಟ್ಟಿದ ಮಾಣಿಕ್ಯದಲ್ಲಿ ಗೆರೆಗಳು ನೇರ ಅಥವಾ ಮೂಲೆ ಮುರಿದಂತೆ ಇರುತ್ತವೆ, ಸೂಜಿಯಂಥ ಎಳೆಗಳು, ಚುಕ್ಕಿಗಳು ಇರುತ್ತವೆ. ದೊಡ್ಡದಾಗಿದ್ದೂ ಒಂದು ಚುಕ್ಕಿಯೂ ಇಲ್ಲದ ಕೆಂಪು ಹರಳು ಅಗ್ಗಕ್ಕೆ ಬಂತೆಂದರೆ ಅನುಮಾನ ಪಡಲೇಬೇಕು. ಬೆಳ್ಳಗಿರೋದೆಲ್ಲ ಹಾಲಲ್ಲ.

ಆದರೆ ಇಲ್ಲೇ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಬೆಳೆಸಿದ ಮಾಣಿಕ್ಯದ ಗಟ್ಟಿತನವೂ 9ನೇ. ಚೆಂದಕ್ಕೆ ಹಾಕುವವರಿಗೆ ಅದರಿಂದ ನಷ್ಟವೇನಿಲ್ಲ. ಹಳೇ ಕೆತ್ತನೆ, ತೆರೆದ ಬೆನ್ನು, ಬೆಳೆಸಿದ ಕೆಂಪು ಹರಳು, ದುಡ್ಡು ಬಂಗಾರಕ್ಕಷ್ಟೇ: ಕಡಿಮೆ ಬಜೆಟ್‌ನಲ್ಲಿ ದಿನಾ ಹಾಕುವವರಿಗೆ ಇದಕ್ಕಿಂತ ಒಳ್ಳೆ ಹಳೇ ಉಂಗುರ ಇಲ್ಲ. ಭಯ ಪಡಬೇಕಾದ್ದು ಬೇರೆ ಇದೆ. ಬಿರುಕುಬಿಟ್ಟ ಕಳಪೆ ಮಾಣಿಕ್ಯಕ್ಕೆ ಸೀಸದ ಗಾಜು ತುಂಬಿದ ಹರಳುಗಳು ಈ ಶತಮಾನದ ಮೊದಲ ದಶಕದಿಂದ ಮಾರುಕಟ್ಟೆಗೆ ಬಂದಿವೆ. ನಿಂಬೆರಸ ತಾಗಿದರೂ ಆ ಗಾಜು ಹಾಳಾಗುತ್ತದೆ. ಹಳೇ ಉಂಗುರದ ಒರಿಜಿನಲ್ ಹರಳು ಕಳೆದುಹೋದಾಗ ಇಂಥದ್ದನ್ನು ತಂದು ಕೂರಿಸುವುದುಂಟು. ಹರಳು ಬಟ್ಟಲಿಗೆ ಸರಿಯಾಗಿ ಹೊಂದದೆ ಒಂದು ಪಕ್ಕ ಸಂದು ಬಿಟ್ಟಿದ್ದರೆ ಬದಲಾಗಿದೆ ಅಂತ ತಿಳಿಯಿರಿ. ಇನ್ನು ನಮ್ಮ ಕರ್ನಾಟಕದ್ದೇ ಮಾಣಿಕ್ಯ ಇದೆ. ಮಬ್ಬು, ನೇರಳೆ ಬೆರೆತ ಕೆಂಪು, ಉರುಟಾಗಿ ಕೊಯ್ದರೆ ಬಿಸಿಲಿನಲ್ಲಿ ಆರು ಕಾಲಿನ ನಕ್ಷತ್ರ ಮೂಡುತ್ತದೆ. ಬೆಲೆ ಕಮ್ಮಿ, ಗಟ್ಟಿತನ ಪೂರ್ತಿ. ಗಂಡಸರ ದಪ್ಪ ಉಂಗುರಕ್ಕೆ ಚೆನ್ನಾಗಿ ಒಪ್ಪುತ್ತದೆ.

ಪಚ್ಚೆ ವಿಷಯದಲ್ಲಿ ಗಟ್ಟಿತನದ ಅಂಕಿ ನಂಬಿ ಮೋಸಹೋಗಬೇಡಿ. ಗೀರು ಬೀಳದಿರೋದು ಬೇರೆ, ಒಡೆಯದಿರೋದು ಬೇರೆ. ಪಚ್ಚೆಯೊಳಗೆ ಹುಟ್ಟಿನಿಂದಲೇ ಬಿರುಕಿನ ಎಳೆಗಳಿರುತ್ತವೆ. ಅವು ಕಾಣದ ಹಾಗೆ ಎಣ್ಣೆ ಕುಡಿಸುವುದು ಹಳೇ ಪದ್ಧತಿ, ಅದನ್ನು ವ್ಯಾಪಾರದಲ್ಲಿ ಎಲ್ಲರೂ ಒಪ್ಪುತ್ತಾರೆ. ಕಾಲ ಕಳೆದಂತೆ ಎಣ್ಣೆ ಒಣಗುತ್ತದೆ, ಬಿಸಿನೀರಿಗೂ ಒಡವೆ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರಕ್ಕೂ ಬೇಗ ಹೋಗುತ್ತದೆ, ಹರಳು ಬೆಳ್ಳಗೆ ಬಿರುಕುಬಿಟ್ಟಂತೆ ಕಾಣುತ್ತದೆ. ಹಳೇ ಪಚ್ಚೆ ಉಂಗುರದ ಅಂಚು ಕಿತ್ತಿಲ್ಲವಾ ನೋಡಿ. ನಿಶ್ಚಿತಾರ್ಥಕ್ಕೆ, ಹಬ್ಬಕ್ಕೆ ಸರಿ. ಅಡುಗೆಮನೆಗೆ ಬೇಡ.

ನೀಲದ ಬಗ್ಗೆ ನಮ್ಮ ಜನಕ್ಕೆ ಭಯ ಇದೆ. ಶನಿಯ ಹರಳು, ಎಲ್ಲರಿಗೂ ಆಗಿಬರಲ್ಲ, ಅದರಲ್ಲೂ ಬೇರೆಯವರು ಹಾಕಿ ಬಿಟ್ಟದ್ದು ಬೇಡವೇ ಬೇಡ ಅನ್ನುತ್ತಾರೆ. ಆ ನಂಬಿಕೆ ನಿಮಗಿಲ್ಲದಿದ್ದರೆ ಚೌಕಾಸಿಗೆ ಇದು ಒಳ್ಳೆ ಜಾಗ. ಗಟ್ಟಿತನದಲ್ಲಿ ಮಾಣಿಕ್ಯಕ್ಕೆ ಸಮ. ಕನಕ ಪುಷ್ಯರಾಗ ಅಂತ ಕೊಡುವ ಹಳದಿ ಹರಳು ಎಷ್ಟೋ ಸಲ ಸಿಟ್ರಿನ್, ಅಂದರೆ ಹಳದಿ ಬೆಣಚು. ವೈಡೂರ್ಯದ ಕಥೆಯೂ ಹಾಗೇ, ಬೆಕ್ಕಿನ ಕಣ್ಣಿನ ಗೆರೆ ಬೆಣಚಿನಲ್ಲೂ ಮೂಡುತ್ತದೆ. ಎರಡಕ್ಕೂ ಬೆಲೆ ಜಾಸ್ತಿ ಹೇಳಿದರೆ ಲ್ಯಾಬ್ ಚೀಟಿ ಕೇಳಿ.

ಗೋಮೇಧಿಕಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಅನ್ನೋದು ನನ್ನ ಅನಿಸಿಕೆ. ಜೇನಿನ ಬಣ್ಣ, ಬೆಲೆ ಕೈಗೆಟುಕುವಂಥದ್ದು. ಮಸೂರದಲ್ಲಿ ಒಳಗೆ ನೋಡಿದರೆ ಬೆಲ್ಲದ ಪಾಕ ನೀರಿನಲ್ಲಿ ಕರಗುತ್ತಿರುವ ಹಾಗೆ ಸುಳಿಸುಳಿಯಾಗಿ ಕಾಣುತ್ತದೆ. ಗಾಜಿನಲ್ಲೂ ಸುಳಿ ಇರಬಹುದು, ಆದರೆ ದುಂಡು ಗುಳ್ಳೆ ಕಂಡರೆ ಗಾಜೆಂದು ಅನುಮಾನಿಸಿ. ಹಾಗಾಗಿ ಹೊಸಬರೂ ಸುಲಭವಾಗಿ ಗುರುತು ಹಿಡಿಯಬಹುದಾದ ಹರಳು ಇದು.

ಮುತ್ತು, ಹವಳ ಎರಡೂ ಬೆರಳಿಗಿಂತ ಕಿವಿಗೆ, ಕೊರಳಿಗೆ ವಾಸಿ. ಹುಣಸೆಹುಳಿ, ನಿಂಬೆ, ಬೆವರು, ಸೆಂಟು ಎಲ್ಲವೂ ಅವಕ್ಕೆ ಶತ್ರು. ಮಂಡಕ್ಕಿ ಕಲಸಿ ನಿಂಬೆ ಹಿಂಡಿದ ಕೈಯಲ್ಲಿ ಮುತ್ತಿನ ಉಂಗುರ ಇರಬಾರದು. ಮುತ್ತನ್ನು ಹಲ್ಲಿಗೆ ಉಜ್ಜಿದಾಗ ಸಣ್ಣಗೆ ತರಿತರಿಯಾಗಿ ತಾಗಿದರೆ ಅಸಲಿ, ನುಣ್ಣಗೆ ಜಾರಿದರೆ ಪ್ಲಾಸ್ಟಿಕ್ ಇಲ್ಲವೇ ಗಾಜು. ಆದರೆ ಸಮುದ್ರದಲ್ಲಿ ತಾನಾಗಿ ಆದದ್ದೋ ಸಾಕಿದ ಮುತ್ತೋ ಅಂತ ಈ ಪರೀಕ್ಷೆ ಹೇಳಲ್ಲ. ತಾನಾಗಿ ಆದ ಬಸ್ರಾ ಮುತ್ತು ಅಂತ ದೊಡ್ಡ ಬೆಲೆ ಹೇಳಿದರೆ ಎಕ್ಸ್‌ರೇ ಮಾಡುವ ಲ್ಯಾಬ್‌ಗೇ ಹೋಗಬೇಕು.

ನವರತ್ನದ ಉಂಗುರ ಕೊಳ್ಳುವಾಗ ಒಂದೇ ಮಾತು. ಒಂಬತ್ತು ಹರಳಿನಲ್ಲಿ ಎರಡು ಮೆತ್ತನೆಯವು, ಮುತ್ತು ಮತ್ತು ಹವಳ. ಉಂಗುರದ ಆಯುಸ್ಸು ಅವೆರಡರ ಆಯುಸ್ಸು. ಹಳೇದರಲ್ಲಿ ಅವನ್ನೇ ಮೊದಲು ನೋಡಿ.

ಮನೆಯದು, ಅಂಗಡಿಯದು, ಹೊಸದು

ಮನೆಯ ಉಂಗುರದ ದೊಡ್ಡ ಅನುಕೂಲ ಅಂದರೆ ಕೊಳ್ಳುವ ಖರ್ಚಿಲ್ಲ. ಖರ್ಚು ರಿಪೇರಿಯದು. ಅಳತೆ ಒಂದೆರಡು ನಂಬರ್ ಹೆಚ್ಚುಕಮ್ಮಿ ಮಾಡೋದು ಸುಲಭ. ಅದಕ್ಕಿಂತ ಜಾಸ್ತಿ ಎಳೆದರೆ ಹರಳು ಹಿಡಿದ ಬಟ್ಟಲು ಬಾಗುತ್ತದೆ. ಸುತ್ತಲೂ ಹರಳಿರುವ ಉಂಗುರದ ಅಳತೆ ಬದಲಿಸೋದು ಆಗದ ಮಾತು. ಪಚ್ಚೆ, ಮುತ್ತು, ಹವಳ ಇದ್ದರೆ ಬೆಂಕಿ ಹಿಡಿಯುವ ಮೊದಲು ಹರಳು ಬಿಚ್ಚಿಡಲೇಬೇಕು, ಅರಗು ತುಂಬಿದ್ದಾದರೆ ಮತ್ತೆ ತುಂಬಬೇಕು. ಬೆರಳಿನ ಅಳತೆಯನ್ನು ಸಂಜೆ ಹೊತ್ತು ಕೊಡಿ. ಬೇಸಿಗೆಯ ಮಧ್ಯಾಹ್ನ ನಮ್ಮೂರಲ್ಲಿ ಬೆರಳು ಊದಿಕೊಂಡಿರುತ್ತದೆ, ಬೆಳಗಿನ ಜಾವ ಸಣ್ಣದಿರುತ್ತದೆ.

ಬದಲಿಗೆ ಬಂದ ಉಂಗುರವನ್ನು ಅಂಗಡಿಯವರು ಸಾಮಾನ್ಯವಾಗಿ ಮುರಿದು ಕರಗಿಸುತ್ತಾರೆ. ಚೆನ್ನಾಗಿರುವುದನ್ನು ಕೆಲವರು ಎತ್ತಿಡುತ್ತಾರೆ. ದಾವಣಗೆರೆಯ ಮಂಡಿಪೇಟೆಯಲ್ಲಾಗಲಿ ಚಿತ್ರದುರ್ಗದ ಲಕ್ಷ್ಮೀ ಬಜಾರ್‌ನಲ್ಲಾಗಲಿ ಪರಿಚಯದ ಅಂಗಡಿ ಇದ್ದರೆ ‘ಹಳೇ ಹರಳಿನ ಉಂಗುರ ಬಂದರೆ ಕರಗಿಸೋಕೆ ಮುಂಚೆ ಒಂದು ಫೋನ್ ಮಾಡಿ ಅಣ್ಣಾ’ ಅಂತ ಹೇಳಿಡಿ. ಮಜೂರಿ, ವೇಸ್ಟೇಜ್ ಅಂತ ಹೊಸ ಒಡವೆಯ ಲೆಕ್ಕ ಹಾಕಿದರೆ ಒಪ್ಪಬೇಡಿ. ಈ ಉಂಗುರಕ್ಕೆ ಅವರು ಮಾಡಿದ್ದು ಪಾಲಿಶ್ ಮಾತ್ರ. ಹಾಲ್‌ಮಾರ್ಕ್ 2021ರ ಜೂನ್‌ನಿಂದ ಹಂತಹಂತವಾಗಿ ಜಿಲ್ಲೆಗಳಲ್ಲಿ ಕಡ್ಡಾಯವಾಗುತ್ತಾ ಬಂದಿದೆ. ಹಾಗಾಗಿ ಅಂಗಡಿಯಿಂದ ಕೊಳ್ಳುವ ಹಳೇದಕ್ಕೂ ಆರು ಅಕ್ಷರ-ಅಂಕಿಯ ಎಚ್‌ಯುಐಡಿ, ಅಂದರೆ ಆ ಒಡವೆಯದೇ ಗುರುತಿನ ಸಂಖ್ಯೆ, ಹಾಕಿಸಿಕೊಡಿ ಅಂತ ಕೇಳಿ. ಬಿಐಎಸ್ ಕೇರ್ ಆಪ್‌ನಲ್ಲಿ ಅದನ್ನು ಹೊಡೆದು ನೋಡಬಹುದು. 2 ಗ್ರಾಂಗಿಂತ ಹಗುರದ್ದಕ್ಕೂ, ಅಪ್ಪಟ ಬಂಗಾರದ ತಗಡು ಒತ್ತಿ ಹರಳು ಕೂರಿಸುವ ಕುಂದಣದ ಕೆಲಸಕ್ಕೂ ವಿನಾಯಿತಿ ಇದೆ.

ಹೊಸದನ್ನು ಹಳೇ ಮಾದರಿಯಲ್ಲಿ ಮಾಡಿಸಿದರೆ ಅಳತೆ ನಿಮ್ಮದು, ಶುದ್ಧತೆ ಖಚಿತ. ಆಂಟಿಕ್ ಫಿನಿಶ್ ಅಂತ ಕಪ್ಪು ಬಳಿದ ಉಂಗುರಗಳಿಗೆ ಮಜೂರಿ ಜಾಸ್ತಿ ಬೀಳುತ್ತದೆ, ಮೇಲೆ ಶೇ 3 ಜಿಎಸ್‌ಟಿ. ಮಾರುವ ದಿನ ಅದರಲ್ಲಿ ಒಂದೂ ವಾಪಸ್ ಬರಲ್ಲ. ಹಳೇ ಕೆತ್ತನೆಯ ಸವೆದ ಅಂಚಿನ ನುಣುಪು ಇದರಲ್ಲಿ ಸಿಗೋದೂ ಇಲ್ಲ. ಇನ್‌ಸ್ಟಾಗ್ರಾಂನಲ್ಲಿ ಫೋಟೋ ನೋಡಿ ತರಿಸೋದನ್ನು ನಾನು ಲೆಕ್ಕಕ್ಕೇ ತಗೊಳ್ಳಲ್ಲ. ಬೆನ್ನು ನೋಡೋಕಾಗದ ಉಂಗುರಕ್ಕೆ ದುಡ್ಡು ಕೊಡೋದು ಹೇಗೆ?

ಇವೆಲ್ಲದರ ಮಧ್ಯೆ ಜನ ಮರೆಯುವ ದಾರಿ ಒಂದಿದೆ. ಅಜ್ಜಿಯ ಹರಳು ಚೆನ್ನಾಗಿದ್ದು ಪಟ್ಟಿ ಸವೆದಿದ್ದರೆ, ಹಳೇ ಹರಳನ್ನು ಹೊಸ ಬಂಗಾರದಲ್ಲಿ ತೆರೆದ ಬೆನ್ನಿಟ್ಟು ಕಟ್ಟಿಸೋದು. 22 ಕ್ಯಾರೆಟ್ ಮೆತ್ತಗಿರುವುದರಿಂದ ದಿನಾ ಹಾಕುವ ಉಂಗುರಕ್ಕೆ 18 ಕ್ಯಾರೆಟ್ ಗಟ್ಟಿ, ಹಲ್ಲುಗಳು ಬೇಗ ಏಳಲ್ಲ. ಜ್ಯೋತಿಷಿ ಹೇಳಿದ್ದಕ್ಕೆ ಹಾಕುವವರಿಗೂ ಇದೇ ಸರಿ. ಅವರಿಗೆ ಹರಳು ಬೆರಳಿಗೆ ತಾಗಬೇಕು, ತೂಕ ಗೊತ್ತಿರಬೇಕು, ನೆಲದಲ್ಲಿ ಹುಟ್ಟಿದ್ದೇ ಆಗಿರಬೇಕು. ಮುಚ್ಚಿದ ಹಳೇ ಉಂಗುರದಲ್ಲಿ ಈ ಮೂರೂ ಆಗಲ್ಲ. ದುಡ್ಡು ಬಿಗಿ ಇದ್ದರೆ ಬೆಳ್ಳಿಯಲ್ಲಿ ಕಟ್ಟಿಸಿ, ಮುಂದೆ ಅನುಕೂಲವಾದಾಗ ಹರಳು ಬಿಚ್ಚಿ ಬಂಗಾರಕ್ಕೆ ಹಾಕಿಸಬಹುದು.

ಲ್ಯಾಬ್‌ಗೆ ಕಳಿಸಬೇಕಾ ಅಂತ ಕೇಳುತ್ತಾರೆ. ಹರಳಿಗೆ ಬೇರೆ ಬೆಲೆ ಕಟ್ಟಿದ್ದರೆ ಮಾತ್ರ ಬೆಂಗಳೂರಿಗೆ ಕಳಿಸಿ. ಬಂಗಾರದ ದರಕ್ಕೇ ಸಿಗುತ್ತಿದ್ದರೆ ಆ ಖರ್ಚು ದಂಡ. ಬೆಲೆ ಕಟ್ಟಿದವರಿಗೆ ಬಿಲ್ಲಿನಲ್ಲಿ ‘ಕೆಂಪು ಕಲ್ಲು’ ಅಂತಲ್ಲ, ‘ನೈಸರ್ಗಿಕ ಮಾಣಿಕ್ಯ, ಇಷ್ಟು ಕ್ಯಾರೆಟ್’ ಅಂತ ಬರೆಯಲು ಹೇಳಿ. ಒಟ್ಟು ತೂಕ, ಹರಳು ಕಳೆದ ತೂಕ, ಟಚ್ ಮೂರೂ ಬೇರೆಬೇರೆ ಸಾಲಿನಲ್ಲಿರಲಿ. ಲ್ಯಾಬ್‌ನಲ್ಲಿ ಬೇರೆ ಬಂದರೆ ಎಷ್ಟು ದಿನದೊಳಗೆ ವಾಪಸ್ ತಗೊಳ್ಳುತ್ತಾರೆ ಅನ್ನೋದನ್ನೂ ಅದರಲ್ಲೇ ಬರೆಸಿ. ಆಮೇಲೆ ಅಳತೆ ಮಾಡಿಸಲು ಉಂಗುರ ಕೊಡುವಾಗ ಅಲ್ಲೇ ತೂಕ ಹಾಕಿಸಿ, ಹರಳಿನ ಮೇಲೂ ಬೆನ್ನಿನ ಕಡೆಯೂ ಹತ್ತಿರದಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಹರಳಿನೊಳಗಿನ ಚುಕ್ಕಿಗಳು ಫೋಟೋದಲ್ಲಿ ಬಂದಿದ್ದರೆ ವಾಪಸ್ ಬಂದದ್ದು ನಿಮ್ಮದೇ ಹರಳಾ ಅಂತ ಹೋಲಿಸಿ ನೋಡಬಹುದು.